ಎರಡೂ ಬದಿ ಗೊತ್ತಿಲ್ಲದ ಸಮೀಕರಣದಿಂದ ಏನು ಲಾಭ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಸಂಶೋಧನೆಗೆ ಸೇರಿದ್ದಾನೆ. ದೀಪಾವಳಿ ರಜೆಗೆ ಊರಿಗೆ ಬಂದಿದ್ದಾಗ ವಿಷಯವೇನು ಎಂದು ಕೇಳಿದೆ. ‘ಯೂನಿಟರಿ ಗ್ರೂಪ್‌ಗಳ ಆಟೊಮಾರ್ಫಿಕ್ ರೆಪ್ರೆಸೆಂಟೇಶನ್‌ಗಳು, ಟ್ರೇಸ್ ಸೂತ್ರದ ದಾರಿಯಿಂದ’ ಎಂದ. ಕಾಗದದ ಮೇಲೆ ಒಂದು ಸಮೀಕರಣವನ್ನೂ ಬರೆದು ತೋರಿಸಿದ. ಎಡಗಡೆ ಜ್ಯಾಮಿತಿಯ ಮೊತ್ತ, ಬಲಗಡೆ ಸ್ಪೆಕ್ಟ್ರಮ್ಮಿನ ಮೊತ್ತ. ಇವೆರಡರಲ್ಲಿ ಯಾವುದನ್ನು ಲೆಕ್ಕ ಹಾಕುತ್ತೀ ಎಂದು ಕೇಳಿದರೆ, ‘ಎರಡನ್ನೂ ಪೂರ್ತಿ ಹಾಕಲು ಬರುವುದಿಲ್ಲ ಮೇಡಂ’ ಎಂದು ನಕ್ಕುಬಿಟ್ಟ. ಎರಡೂ ಬದಿ ಗೊತ್ತಿಲ್ಲದ ಸಮೀಕರಣದಿಂದ ಏನು ಲಾಭ? ಮಾತೃಕೆಗಳ ಗ್ರೂಪ್‌ಗಳು ಬೇಕಾದಷ್ಟಿರುವಾಗ ಯೂನಿಟರಿ ಗ್ರೂಪೇ ಏಕೆ?

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿ ನಕ್ಕಿದ್ದರಲ್ಲಿ ತಪ್ಪಿಲ್ಲ. ಈ ವಿಷಯಕ್ಕೆ ಕೈ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಆ ನಗೆ ನಕ್ಕವರೇ. ಕಲಬುರಗಿಯಲ್ಲಿ ಎಂ.ಎಸ್ಸಿ. ತರಗತಿಗಳಿಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಚುಟುಕಾಗಿ ಹೇಳಬೇಕೆಂದರೆ, ಟ್ರೇಸ್ ಸೂತ್ರವನ್ನು ಲೆಕ್ಕ ಹಾಕುವುದಕ್ಕಿಂತ ಹೆಚ್ಚಾಗಿ ಹೋಲಿಸುವುದಕ್ಕೆ ಬಳಸುತ್ತಾರೆ. ಈ ಮಾತು ತಲೆಗೆ ಇಳಿಯಬೇಕಾದರೆ ಸ್ವಲ್ಪ ಸುತ್ತಬೇಕು. ಸುತ್ತುವ ದಾರಿ ನಮ್ಮ ಮಳಖೇಡದ ಮೇಲೆಯೇ ಹೋಗುವುದರಿಂದ ನಿಮಗೆ ಬೇಸರವಾಗಲಾರದು.

ನೀವು ಪ್ರತಿ ವರ್ಷ ಕಲಿಸುವ ಒಂದು ಸಾಲಿನಿಂದಲೇ ಶುರು ಮಾಡೋಣ. 1ರ ಘನಮೂಲಗಳು ಮೂರು: 1, ಒಮೆಗಾ, ಒಮೆಗಾ². ಅವುಗಳ ಮೊತ್ತ ಸೊನ್ನೆ. ಇದನ್ನು ಅಪವರ್ತನ ಮಾಡಿ ತೋರಿಸುವುದು ವಾಡಿಕೆ. ನಾನು ಬೇರೆ ರೀತಿ ತೋರಿಸುತ್ತೇನೆ. ಮೂರು ಕುರ್ಚಿಗಳನ್ನು ದುಂಡಗೆ ಇಟ್ಟು ಮೂರು ಮಕ್ಕಳನ್ನು ಕೂರಿಸಿ. ಚಪ್ಪಾಳೆ ತಟ್ಟಿದೊಡನೆ ಎಲ್ಲರೂ ಎದ್ದು ಬಲಗಡೆಯ ಕುರ್ಚಿಗೆ ಹೋಗಬೇಕು. ಈ ಓಡಾಟವನ್ನು 3×3 ಮಾತೃಕೆಯಾಗಿ ಬರೆದರೆ ಅದರ ಪ್ರಧಾನ ಕರ್ಣ ಏನು ಹೇಳುತ್ತದೆ? ತನ್ನ ಜಾಗದಲ್ಲೇ ಉಳಿದ ಮಗು ಯಾವುದು ಎಂದು. ಯಾರೂ ಉಳಿದಿಲ್ಲ, ಆದ್ದರಿಂದ ಕರ್ಣದ ಮೇಲೆ 0, 0, 0. ಇನ್ನು ಅದೇ ಮಾತೃಕೆಯ ಐಗನ್ ಮೌಲ್ಯಗಳು, ಅಂದರೆ ಮಾತೃಕೆ ಕೆಲವು ಸದಿಶಗಳನ್ನು ಬರೀ ಎಷ್ಟು ಪಟ್ಟು ಮಾಡಿ ಬಿಡುತ್ತದೆಯೋ ಆ ಸಂಖ್ಯೆಗಳು. ಮೂರು ಸಲ ಚಪ್ಪಾಳೆ ತಟ್ಟಿದರೆ ಎಲ್ಲರೂ ಮೊದಲಿನ ಕುರ್ಚಿಗೇ ಬರುತ್ತಾರೆ, ಹಾಗಾಗಿ ಪ್ರತಿ ಐಗನ್ ಮೌಲ್ಯದ ಘನ 1 ಆಗಿರಲೇಬೇಕು. ಅವು 1, ಒಮೆಗಾ, ಒಮೆಗಾ². ಕರ್ಣದ ಮೊತ್ತವೂ ಐಗನ್ ಮೌಲ್ಯಗಳ ಮೊತ್ತವೂ ಯಾವಾಗಲೂ ಒಂದೇ. ಆ ಮೊತ್ತಕ್ಕೇ ಟ್ರೇಸ್ ಎನ್ನುತ್ತಾರೆ. ಆದ್ದರಿಂದ 0 = 1 + ಒಮೆಗಾ + ಒಮೆಗಾ².

ಟ್ರೇಸ್ ಸೂತ್ರದ ಬಾಲ್ಯ ಇಷ್ಟೇ. ಎಡಗಡೆ ಯಾರು ಕದಲಲಿಲ್ಲ ಎಂಬ ಎಣಿಕೆ; ಅದು ಜ್ಯಾಮಿತಿಯ ಬದಿ. ಬಲಗಡೆ ಆ ಚಲನೆಯೊಳಗಿನ ಸ್ವರಗಳು, ಅಂದರೆ ಐಗನ್ ಮೌಲ್ಯಗಳು. ಅದು ಸ್ಪೆಕ್ಟ್ರಮ್ಮಿನ ಬದಿ. ಮೂರು ಕುರ್ಚಿಗಳ ಜಾಗದಲ್ಲಿ ಅನಂತ ಆಯಾಮದ ಒಂದು ಅವಕಾಶವನ್ನು (ಸ್ಪೇಸ್) ಇಟ್ಟು, ಚಪ್ಪಾಳೆಯ ಜಾಗದಲ್ಲಿ ಯೂನಿಟರಿ ಗ್ರೂಪನ್ನಿಟ್ಟರೆ ನಿಮ್ಮ ವಿದ್ಯಾರ್ಥಿ ಬರೆದ ಸಮೀಕರಣವಾಗುತ್ತದೆ.

ಈಗ ಯೂನಿಟರಿ ಗ್ರೂಪ್ ಎಂದರೇನು ಎಂದು ನೋಡೋಣ. ಗ್ರೂಪ್ ಎಂದರೆ, ಒಳಗಿನ ಯಾವ ಎರಡನ್ನು ಗುಣಿಸಿದರೂ, ಯಾವುದರ ವಿಲೋಮ ತೆಗೆದರೂ ಹೊರಗೆ ಹೋಗದ ಗುಂಪು. ಗಾರೆ ಕೆಲಸದವರು ಪಾಯ ಹಾಕುವಾಗ ಮೂಲೆ ನೇರವಾಗಿದೆಯೇ ಎಂದು ನೋಡಲು ದಾರ ಹಿಡಿದು ಮೂರು ಅಡಿ, ನಾಲ್ಕು ಅಡಿ ಗುರುತು ಮಾಡುತ್ತಾರೆ. ಅಡ್ಡ ದಾರ ಐದು ಅಡಿ ಬಂದರೆ ಮೂಲೆ ಸರಿ. ಈ 3, 4, 5 ತ್ರಿವಳಿಯನ್ನು (3 + 4ಐ)/5 ಎಂಬ ಸಂಕೀರ್ಣ ಸಂಖ್ಯೆಯಾಗಿ ಬರೆಯಿರಿ. ಇಲ್ಲಿ ‘ಐ’ ಎಂದರೆ −1ರ ವರ್ಗಮೂಲ. ಅದನ್ನು ಅದರ ಸಂಯುಗ್ಮಿಯಾದ (3 − 4ಐ)/5ರಿಂದ ಗುಣಿಸಿದರೆ 1 ಬರುತ್ತದೆ. ಸಂಯುಗ್ಮಿಯಿಂದ ಗುಣಿಸಿದಾಗ 1 ಕೊಡುವ ಸಂಖ್ಯೆಗಳೆಲ್ಲ ಸೇರಿದ ಗ್ರೂಪೇ ಯು(1), ಅತ್ಯಂತ ಚಿಕ್ಕ ಯೂನಿಟರಿ ಗ್ರೂಪ್. 5, 12, 13ರಿಂದ (5 + 12ಐ)/13 ಸಿಗುತ್ತದೆ. ಎರಡನ್ನೂ ಗುಣಿಸಿ ನೋಡಿ: (−33 + 56ಐ)/65. ಅಂದರೆ 33, 56, 65 ಎಂಬ ಹೊಸ ತ್ರಿಕೋನ ಹುಟ್ಟಿತು; 1089 + 3136 = 4225, 65ರ ವರ್ಗ. ತರಗತಿಯಲ್ಲಿ ಮಾಡಿಸಿ, ಮಕ್ಕಳ ಕಣ್ಣು ಅರಳುತ್ತದೆ.

ಇಂಥ ತ್ರಿವಳಿಗಳನ್ನು ಹುಟ್ಟಿಸುವ ವಿಧಾನ ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಆ ರಾಜ್ಯದ ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಎರಡು ‘ಬೀಜ’ ಸಂಖ್ಯೆಗಳಿಂದ ಆಯತಗಳನ್ನು ‘ಜನ್ಯ’ವಾಗಿ ಪಡೆಯುವ ಕ್ರಮವನ್ನು ಅವರು ವಿವರಿಸಿದ್ದಾರೆ: ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಭುಜ, ಗುಣಲಬ್ಧದ ಇಮ್ಮಡಿ ಇನ್ನೊಂದು ಭುಜ, ವರ್ಗಗಳ ಮೊತ್ತ ಕರ್ಣ. ಬೀಜ 2, 1 ಆದರೆ 3, 4, 5. ಬೀಜ 3, 2 ಆದರೆ 5, 12, 13. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಯು(1)ರ ಪ್ರತಿ ಭಾಗಲಬ್ಧ ಸದಸ್ಯನೂ ಒಂದು ಗೌಸ್ ಪೂರ್ಣಾಂಕವನ್ನು (3 + 4ಐಯಂತೆ ಎರಡೂ ಭಾಗ ಪೂರ್ಣಾಂಕವಾಗಿರುವ ಸಂಕೀರ್ಣ ಸಂಖ್ಯೆ) ಅದರ ಸಂಯುಗ್ಮಿಯಿಂದ ಭಾಗಿಸಿದಾಗ ಸಿಗುತ್ತದೆ. ಇದು ಹಿಲ್ಬರ್ಟರ 90ನೇ ಪ್ರಮೇಯದ ಒಂದು ತುಣುಕು. ‘ಎಲ್ಲವೂ ನಮ್ಮವರಿಗೆ ಗೊತ್ತಿತ್ತು’ ಎಂಬ ಬಡಾಯಿಗೆ ನಾನು ಸೇರುವವನಲ್ಲ. ಮಹಾವೀರಾಚಾರ್ಯರಿಗೆ ಗ್ರೂಪ್ ಗೊತ್ತಿರಲಿಲ್ಲ. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಈ ಮಾತನ್ನು ನೆನಪಿನಲ್ಲಿಡಿ, ಈಗಲೇ ಬೇಕಾಗುತ್ತದೆ.

ಯು(1)ರಿಂದ ಮುಂದಕ್ಕೆ ಯು(2), ಯು(3): ಸಂಕೀರ್ಣ ಸಂಖ್ಯೆಗಳ ಮಾತೃಕೆ, ಅದನ್ನು ಅದರ ಸಂಯುಗ್ಮಿ ಪರಿವರ್ತದಿಂದ ಗುಣಿಸಿದರೆ ಏಕಮಾತೃಕೆ. ನಿಮ್ಮ ಹುಡುಗನ ಕೆಲಸದಲ್ಲಿ ಈ ಮಾತೃಕೆಗಳ ಅಂಕಿಗಳು ವಾಸ್ತವ ಸಂಖ್ಯೆಗಳ ಜಗತ್ತಿನಲ್ಲಷ್ಟೇ ಇರುವುದಿಲ್ಲ. ಪ್ರತಿ ಅವಿಭಾಜ್ಯ ಸಂಖ್ಯೆಗೂ ಒಂದೊಂದು ಅಂಕಿಲೋಕವಿದೆ, ಅಲ್ಲೆಲ್ಲ ಇರುತ್ತವೆ. ಆ ಲೋಕಗಳಲ್ಲಿ ಯೂನಿಟರಿ ಗ್ರೂಪ್ ವೇಷ ಬದಲಿಸುತ್ತದೆ. ವಿಷಯದ ಸ್ವಾರಸ್ಯವೆಲ್ಲ ಅಲ್ಲಿಂದ ಹೊರಡುವುದರಿಂದ ಒಂದು ನಿಮಿಷ ನಿಲ್ಲೋಣ.

5ರ ಲೋಕದಲ್ಲಿ ಒಂದು ಸಂಖ್ಯೆ 5ರ ದೊಡ್ಡ ದೊಡ್ಡ ಘಾತಗಳಿಂದ ಭಾಗವಾದಷ್ಟೂ ಅದು ಸೊನ್ನೆಗೆ ಹತ್ತಿರ. ಈಗ 2ರ ವರ್ಗಕ್ಕೆ 1 ಕೂಡಿಸಿ: 5. 7ರ ವರ್ಗಕ್ಕೆ 1 ಕೂಡಿಸಿ: 50, ಇದು 25ರಿಂದ ಭಾಗವಾಗುತ್ತದೆ. 57ರ ವರ್ಗಕ್ಕೆ 1 ಕೂಡಿಸಿ: 3250, ಇದು 125ರಿಂದ. 182ರ ವರ್ಗಕ್ಕೆ 1 ಕೂಡಿಸಿ: 33125, ಇದು 625ರಿಂದ. 2, 7, 57, 182 ಹೀಗೆ ಸಾಲು ಮುಗಿಯದೆ ಸಾಗುತ್ತದೆ, ಪ್ರತಿ ಹೆಜ್ಜೆಯೂ ಹಿಂದಿನದನ್ನೇ ತಿದ್ದಿಕೊಂಡು. ಅಂದರೆ 5ರ ಲೋಕದಲ್ಲಿ −1ಕ್ಕೆ ವರ್ಗಮೂಲ ಮನೆಯೊಳಗೇ ಕುಳಿತಿದೆ, ಹೊರಗಿನಿಂದ ‘ಐ’ ತರಬೇಕಾಗಿಲ್ಲ. 3ರ ಲೋಕದಲ್ಲಿ ಹಾಗಲ್ಲ. ಯಾವ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿದರೂ 3ರಿಂದ ಭಾಗವಾಗುವುದಿಲ್ಲ. −1ರ ಮಟ್ಟಿಗೆ ಮಹಾವೀರಾಚಾರ್ಯರ ಮಾತು ಅಲ್ಲಿ ನಿಜ.

ಇದರ ಪರಿಣಾಮ ದೊಡ್ಡದು. 5, 13, 17ರಂತಹ ಅವಿಭಾಜ್ಯಗಳಲ್ಲಿ ಒಂದು ಸಂಕೀರ್ಣ ಸಂಖ್ಯೆ ಎರಡು ಸ್ವತಂತ್ರ ಸಂಖ್ಯೆಗಳ ಜೋಡಿಯಾಗಿ ಒಡೆಯುತ್ತದೆ, ಸಂಯುಗ್ಮಿ ಎಂದರೆ ಆ ಜೋಡಿಯನ್ನು ಅದಲು ಬದಲು ಮಾಡುವುದು. ‘ಗುಣಲಬ್ಧ 1’ ಎಂಬ ಷರತ್ತು ಆಗ ಎರಡನೆಯದು ಮೊದಲನೆಯದರ ವಿಲೋಮ ಎಂದಷ್ಟೇ ಹೇಳುತ್ತದೆ, ಮೊದಲನೆಯದರ ಮೇಲೆ ಯಾವ ಕಟ್ಟೂ ಇಲ್ಲ. ಮಾತೃಕೆಗಳಿಗೂ ಹೀಗೆಯೇ: ಅಲ್ಲಿ ಯೂನಿಟರಿ ಗ್ರೂಪ್ ವಿಲೋಮವಿರುವ ಎಲ್ಲ ಮಾತೃಕೆಗಳ ಗ್ರೂಪ್ ಜಿಎಲ್(ಎನ್) ಆಗಿಬಿಡುತ್ತದೆ. 3, 7, 11ರಲ್ಲಿ ಮಾತ್ರ ಅದು ತನ್ನ ನಿಜರೂಪದಲ್ಲಿರುತ್ತದೆ. ಅರ್ಧ ಅವಿಭಾಜ್ಯಗಳಲ್ಲಿ ಪರಿಚಿತ ಮುಖ, ಇನ್ನರ್ಧದಲ್ಲಿ ಅಪರಿಚಿತ ಮುಖ. ಯೂನಿಟರಿ ಗ್ರೂಪ್ ಸಂಶೋಧಕರಿಗೆ ಪ್ರಿಯವಾಗಲು ಇದು ಮೊದಲ ಕಾರಣ.

ಆಟೊಮಾರ್ಫಿಕ್ ರೆಪ್ರೆಸೆಂಟೇಶನ್ ಎಂಬ ಉದ್ದ ಹೆಸರಿಗೆ ಹೆದರಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಕಲ್ಲು ಹಾಸಿದ ನೆಲವಿರುತ್ತದಲ್ಲ, ಆ ನೆಲ ಎಷ್ಟೇ ದೊಡ್ಡದಿರಲಿ, ಒಂದು ಕಲ್ಲಿನ ಮೇಲಿನ ಚಿತ್ತಾರವೇ ಎಲ್ಲ ಕಲ್ಲುಗಳ ಮೇಲೂ ಇದ್ದರೆ ಒಂದನ್ನು ನೋಡಿದರೆ ಸಾಕು. ವಾಸ್ತವ ಲೋಕವನ್ನೂ ಎಲ್ಲ ಅವಿಭಾಜ್ಯಗಳ ಲೋಕಗಳನ್ನೂ ಒಟ್ಟಿಗೆ ಹಿಡಿದಾಗ ಸಿಗುವ ದೊಡ್ಡ ಗ್ರೂಪೇ ಈ ನೆಲ. ಭಾಗಲಬ್ಧ ಅಂಕಿಗಳಿರುವ ಮಾತೃಕೆಗಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಒಯ್ಯುವ ಜಿಗಿತಗಳು. ಆ ಒಂದು ಕಲ್ಲಿನ ಮೇಲಿನ ಫಂಕ್ಷನ್‌ಗಳನ್ನೆಲ್ಲ ಇನ್ನು ಒಡೆಯಲಾಗದ ಸ್ವರಗಳಾಗಿ ಬಿಡಿಸಿದರೆ ಪ್ರತಿ ಸ್ವರವೂ ಒಂದು ಆಟೊಮಾರ್ಫಿಕ್ ರೆಪ್ರೆಸೆಂಟೇಶನ್. ಅದು ಪ್ರತಿ ಅವಿಭಾಜ್ಯದಲ್ಲೂ ಒಂದೊಂದು ತುಂಡಾಗಿ ಬಿಡಿಸಿಕೊಳ್ಳುತ್ತದೆ. 1, 2, 3 ಹೀಗೆ ಪ್ರತಿ ಸಂಖ್ಯೆಗೂ ಒಂದೊಂದಿರುವ ರಾಮಾನುಜನ್ನರ ಟೌ ಸಂಖ್ಯೆಗಳನ್ನು ನೋಡಿ: 2ಕ್ಕೆ −24, 3ಕ್ಕೆ 252, 6ಕ್ಕೆ −6048. ಮೂರನೆಯದು ಮೊದಲೆರಡರ ಗುಣಲಬ್ಧ. 1916ರಲ್ಲಿ ರಾಮಾನುಜನ್ ಇದನ್ನು ಗಮನಿಸಿದರು, ಮರುವರ್ಷ ಮಾರ್ಡೆಲ್ ಸಾಧಿಸಿದರು. ಇಂದಿನ ಕಣ್ಣಿಗೆ ಅದರ ಕಾರಣ ಇದು: ಆ ಸಂಖ್ಯೆಗಳ ಹಿಂದಿರುವ ಒಂದೇ ರೆಪ್ರೆಸೆಂಟೇಶನ್ 2ರಲ್ಲಿ ಒಂದು ತುಂಡು, 3ರಲ್ಲಿ ಇನ್ನೊಂದು ತುಂಡು ಎಂದು ಹೋಳಾಗಿ ಕುಳಿತಿದೆ.

ಯಾವ ಯಾವ ತುಂಡುಗಳನ್ನು ಜೋಡಿಸಿದರೆ ನಿಜವಾದ ಸ್ವರವಾಗುತ್ತದೆ? ಪ್ರತಿ ಅವಿಭಾಜ್ಯದಲ್ಲೂ ಮನಬಂದಂತೆ ಒಂದು ತುಂಡು ಆರಿಸಿ ಪೋಣಿಸಿದರೆ ಬಹುಪಾಲು ಏನೂ ಆಗುವುದಿಲ್ಲ. ಸರಿಯಾದ ಜೋಡಣೆಗಳ ಪಟ್ಟಿ ಬೇಕು. ಟ್ರೇಸ್ ಸೂತ್ರ ಬೇಕಾಗುವುದು ಈ ಪಟ್ಟಿಗಾಗಿ.

ಸೂತ್ರವನ್ನು ಕೊಟ್ಟವರು ನಾರ್ವೆ ಮೂಲದ ಗಣಿತಜ್ಞ ಅಟ್ಲೆ ಸೆಲ್ಬರ್ಗ್. 1956ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಝೀಟಾ ಫಂಕ್ಷನ್‌ಗಳ ಮೇಲೆ ಅಂತರರಾಷ್ಟ್ರೀಯ ಗೋಷ್ಠಿ ನಡೆಯಿತು. ಸೆಲ್ಬರ್ಗರ ಆ ಪ್ರಸಿದ್ಧ ಪ್ರಬಂಧ ಅದೇ ವರ್ಷ ಅಚ್ಚಾದದ್ದು ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ. ಹೊರದೇಶದ ಪತ್ರಿಕೆಯಲ್ಲಿ ಬಂದರೆ ಮಾತ್ರ ಪ್ರಬಂಧ ಎನ್ನುವವರಿಗೆ ನಾನು ಇದನ್ನು ಆಗಾಗ ಹೇಳುತ್ತಿರುತ್ತೇನೆ.

ಮೂರು ಕುರ್ಚಿಗಳ ಚಪ್ಪಾಳೆಯ ಬದಲು ಇಲ್ಲಿ ನಮಗಿಷ್ಟವಾದ ಒಂದು ಪರೀಕ್ಷಾ ಫಂಕ್ಷನ್ ತೆಗೆದುಕೊಳ್ಳುತ್ತೇವೆ. ಅದರ ತೂಕದ ಪ್ರಕಾರ ಗ್ರೂಪಿನ ಎಲ್ಲ ಚಲನೆಗಳ ಸರಾಸರಿ ಮಾಡಿದರೆ ಅನಂತ ಗಾತ್ರದ ಮಾತೃಕೆಯಂಥದ್ದು ಬರುತ್ತದೆ. ಅದರ ಕರ್ಣದ ಮೇಲೆ ಮೊತ್ತದ ಬದಲು ಅನುಕಲನ. ಯಾವ ಜಿಗಿತ ಯಾವ ಬಿಂದುವನ್ನು ತನ್ನ ಜಾಗಕ್ಕೇ ತಂದು ಬಿಡುತ್ತದೆ ಎಂದು ಗುಂಪು ಮಾಡಿದರೆ ಎಡಗಡೆ ಸಂಯುಗ್ಮ ವರ್ಗಗಳ ಮೇಲಿನ ಮೊತ್ತ ಬರುತ್ತದೆ. ಗ್ರೂಪಿನದೇ ಒಂದು ಮಾತೃಕೆಯಿಂದ ನೋಟ ಬದಲಿಸಿದಾಗ ಒಂದು ಇನ್ನೊಂದಾಗುವ ಸದಸ್ಯರೆಲ್ಲ ಒಂದೇ ಸಂಯುಗ್ಮ ವರ್ಗ. ಒಂದೊಂದು ವರ್ಗಕ್ಕೂ ಒಂದು ಗಾತ್ರ, ಒಂದು ಆರ್ಬಿಟಲ್ ಅನುಕಲ (ಆ ವರ್ಗದ ಮೇಲೆ ಪರೀಕ್ಷಾ ಫಂಕ್ಷನ್ನಿನ ಅನುಕಲನ). ಬಲಗಡೆ ಆಟೊಮಾರ್ಫಿಕ್ ರೆಪ್ರೆಸೆಂಟೇಶನ್‌ಗಳ ಮೊತ್ತ, ಯಾವುದು ಎಷ್ಟು ಸಲ ಬರುತ್ತದೆ ಎಂಬ ಎಣಿಕೆಯೊಡನೆ. ನೆಲದ ಕಲ್ಲಿಗೆ ಅಂಚುಗಳಿದ್ದು ಅದು ಮಿತವಾಗಿದ್ದರೆ ಇಷ್ಟೇ. ಆದರೆ ಬಹುತೇಕ ಗ್ರೂಪ್‌ಗಳಲ್ಲಿ ಕಲ್ಲು ಒಂದು ಕಡೆ ಬಾಲದಂತೆ ಅನಂತಕ್ಕೆ ಚಾಚಿಕೊಂಡಿರುತ್ತದೆ, ಅನುಕಲನ ಮಾಡಹೋದರೆ ಅನಂತ ಬರುತ್ತದೆ. ಕೆನಡಾದ ಗಣಿತಜ್ಞ ಜೇಮ್ಸ್ ಆರ್ಥರ್ 1970ರ ದಶಕದಿಂದ ಶುರು ಮಾಡಿ ದಶಕಗಳ ಕಾಲ ಈ ಬಾಲವನ್ನು ಕತ್ತರಿಸುವ ಕೆಲಸ ಮಾಡಿದರು. ಬೀದರಿನ ಬಿದ್ರಿ ಕೆಲಸದವರು ಬೆಳ್ಳಿಯನ್ನು ಬಡಿದು ಕೂರಿಸಿದ ಮೇಲೆ ಮಿಕ್ಕದ್ದನ್ನು ಉಜ್ಜಿ ಸಮ ಮಾಡುತ್ತಾರಲ್ಲ, ಹಾಗೆ. ಆರ್ಥರ್ ಮಾತ್ರ ಉಜ್ಜಿದ ಪುಡಿಯ ಲೆಕ್ಕವನ್ನೂ ಕೊಡಬೇಕಾಯಿತು, ಅದಕ್ಕೇ ಅಷ್ಟು ಸಾವಿರ ಪುಟ.

ಇನ್ನು ನಿಮ್ಮ ಪ್ರಶ್ನೆ. ಎಡಗಡೆಯ ಮೊತ್ತ ಗೊತ್ತಿಲ್ಲ, ಬಲಗಡೆಯದೂ ಗೊತ್ತಿಲ್ಲ. ಕಲಬುರಗಿಯ ಗಂಜ್‌ನಲ್ಲಿ ತೊಗರಿಯ ಎರಡು ರಾಶಿ ಬಿದ್ದಿವೆ ಎಂದುಕೊಳ್ಳಿ. ಒಂದೊಂದರಲ್ಲಿ ಎಷ್ಟು ಕಾಳಿವೆ ಎಂದು ನನ್ನನ್ನು ಕೇಳಬೇಡಿ. ಆದರೆ ಈ ರಾಶಿಯಿಂದ ಒಂದು, ಆ ರಾಶಿಯಿಂದ ಒಂದು ಕಾಳು ಜೋಡಿ ಮಾಡುತ್ತಾ ಹೋದರೆ, ಕೊನೆಗೆ ಎರಡೂ ಕಡೆ ಏನೂ ಉಳಿಯದಿದ್ದರೆ, ಎಣಿಸದೆಯೇ ಎರಡೂ ಸಮ ಎಂದು ಹೇಳಬಹುದು. ಟ್ರೇಸ್ ಸೂತ್ರದಲ್ಲಿ ಮಾಡುವುದೂ ಇದನ್ನೇ. ಎರಡು ಬೇರೆ ಬೇರೆ ಗ್ರೂಪ್‌ಗಳಿಗೆ ಎರಡು ಸೂತ್ರ ಬರೆಯುತ್ತಾರೆ. ಜ್ಯಾಮಿತಿಯ ಬದಿಯಲ್ಲಿ ಈ ಗ್ರೂಪಿನ ಸಂಯುಗ್ಮ ವರ್ಗಕ್ಕೆ ಆ ಗ್ರೂಪಿನ ಸಂಯುಗ್ಮ ವರ್ಗವನ್ನು ಜೋಡಿ ಮಾಡುತ್ತಾರೆ. ಗುರುತಿನ ಚೀಟಿ ನೀವು ಕಲಿಸುವ ಲಾಕ್ಷಣಿಕ ಬಹುಪದಿಯೇ, ಅಂದರೆ ಐಗನ್ ಮೌಲ್ಯಗಳು ಮೂಲಗಳಾಗಿರುವ ಬಹುಪದಿ. ಜೋಡಿಗಳ ಅನುಕಲಗಳು ಸಮವೆಂದು ತೋರಿಸಿದರೆ ಎಡಗಡೆಗಳು ಸಮ, ಆದ್ದರಿಂದ ಬಲಗಡೆಗಳೂ ಸಮ. ಯಾವುದನ್ನೂ ಲೆಕ್ಕ ಹಾಕಲಿಲ್ಲ.

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಕೈ ಎತ್ತುತ್ತಾನೆ: ಮೊತ್ತಗಳು ಸಮವಾದ ಮಾತ್ರಕ್ಕೆ ಒಳಗಿನ ಪದಗಳು ಹೇಗೆ ಸಮವಾದವು? 7 + 3 = 6 + 4 ಅಲ್ಲವೇ? ಸರಿಯಾದ ಆಕ್ಷೇಪ. ಉತ್ತರ ಪರೀಕ್ಷಾ ಫಂಕ್ಷನ್ನಿನಲ್ಲಿದೆ. ಅದನ್ನು ಬದಲಿಸಿದಂತೆಲ್ಲ ಹೊಸ ಸಮೀಕರಣ ಬರುತ್ತದೆ, ಅಂದರೆ ನಮ್ಮ ಕೈಯಲ್ಲಿರುವುದು ಒಂದು ಸಮೀಕರಣವಲ್ಲ, ಅನಂತ ಸಮೀಕರಣಗಳು. ಬೇರೆ ಬೇರೆ ರೆಪ್ರೆಸೆಂಟೇಶನ್‌ಗಳ ಟ್ರೇಸ್‌ಗಳು ಪರಸ್ಪರ ಸ್ವತಂತ್ರವಾದ್ದರಿಂದ ಇಷ್ಟೊಂದು ಸಮೀಕರಣಗಳ ನಡುವೆ ಅವು ಒಂದರ ಹಿಂದೆ ಒಂದು ಅಡಗಿಕೊಳ್ಳಲಾರವು, ಒಂದೊಂದಾಗಿ ಬೇರೆಯಾಗಿ ಬರುತ್ತವೆ. 1970ರಲ್ಲಿ ಜಾಕೆ ಮತ್ತು ಲ್ಯಾಂಗ್ಲಂಡ್ಸ್ ಹೀಗೆಯೇ ಕ್ವಾಟರ್ನಿಯನ್ (ನಾಲ್ಕು ಘಟಕಗಳ ಸಂಖ್ಯೆ) ಬೀಜಗಣಿತವನ್ನು ಜಿಎಲ್(2)ರ ಜೊತೆ ಹೋಲಿಸಿದರು. ಯೂನಿಟರಿ ಗ್ರೂಪ್‌ಗಳಲ್ಲಿ ಹೋಲಿಕೆ ಜಿಎಲ್(ಎನ್) ಜೊತೆ, ಅದೂ ಸಂಯುಗ್ಮಿಯ ತಿರುಚು ಸೇರಿಸಿದ ಜಿಎಲ್(ಎನ್) ಜೊತೆ. ಜಿಎಲ್(ಎನ್)ನ ಪಟ್ಟಿ ಆಗಲೇ ಸಾಕಷ್ಟು ಅಚ್ಚುಕಟ್ಟಾಗಿದೆ. ಅದರಲ್ಲಿ ತನ್ನ ಸಂಯುಗ್ಮಿ ದ್ವಂದ್ವಕ್ಕೆ (ಸಂಯುಗ್ಮಿ, ವಿಲೋಮ ಎರಡೂ ಸೇರಿ ಬರುವ ಪ್ರತಿಬಿಂಬಕ್ಕೆ) ತಾನೇ ಸಮನಾದವುಗಳನ್ನು ಹೆಕ್ಕಿದರೆ ಯೂನಿಟರಿ ಗ್ರೂಪಿನ ಪಟ್ಟಿ ಸಿಗುತ್ತದೆ ಎಂಬುದು ಆಸೆ.

ಆಸೆ ಎಂದೆ, ಏಕೆಂದರೆ ಕಾಳು ಜೋಡಿಸುವಾಗ ಒಂದು ತೊಡಕು ಬರುತ್ತದೆ. ಗಾಜಿನ ಹಾಳೆಯ ಮೇಲೆ 30 ಡಿಗ್ರಿ ಬಲಕ್ಕೆ ತಿರುಗಿಸುವ ಮಾತೃಕೆ ಒಂದು, 30 ಡಿಗ್ರಿ ಎಡಕ್ಕೆ ತಿರುಗಿಸುವುದು ಇನ್ನೊಂದು. ಎರಡರ ಲಾಕ್ಷಣಿಕ ಬಹುಪದಿಯೂ ಒಂದೇ. ಗಾಜನ್ನು ಮಗುಚಿದರೆ ಬಲ ಎಡವಾಗುತ್ತದೆ. ಆದರೆ ನಿರ್ಧಾರಕ 1 ಇರುವ ವಾಸ್ತವ ಮಾತೃಕೆಗಳಿಗೆ ಮಾತ್ರ ಅನುಮತಿ ಎಂದರೆ ಮಗುಚುವಂತಿಲ್ಲ. ಎರಡೂ ಬೇರೆ ಬೇರೆ ಸಂಯುಗ್ಮ ವರ್ಗಗಳಾಗಿ ಉಳಿಯುತ್ತವೆ. ಸಂಕೀರ್ಣ ಸಂಖ್ಯೆಗಳಿಗೆ ಬಾಗಿಲು ತೆರೆದರೆ ಕರ್ಣದ ಮೇಲೆ ಐ ಮತ್ತು −ಐ ಇಟ್ಟ ಮಾತೃಕೆ ಸಾಕು, ಅದರ ನಿರ್ಧಾರಕವೂ 1, ಅದು ಬಲವನ್ನು ಎಡ ಮಾಡಿಬಿಡುತ್ತದೆ. ಕೈಯಲ್ಲೇ ಗುಣಿಸಿ ನೋಡಬಹುದು. ಈ ಉದಾಹರಣೆ ವಿಷಯಾಂತರವಲ್ಲ: ಈ 2×2 ವಾಸ್ತವ ಗ್ರೂಪ್, ಎಸ್‌ಯು(1,1) ಎಂಬ ಯೂನಿಟರಿ ಗ್ರೂಪೇ ಬೇರೆ ಬಟ್ಟೆ ತೊಟ್ಟು ಬಂದದ್ದು.

ಅಂದರೆ ಒಂದು ಬಹುಪದಿಗೆ ಜಿಎಲ್ ಕಡೆ ಒಂದು ಕಾಳು, ಯೂನಿಟರಿ ಕಡೆ ಎರಡು ಅಥವಾ ಹೆಚ್ಚು ಕಾಳು. ಅವುಗಳ ಮೊತ್ತವನ್ನು ಜಿಎಲ್ ಜೊತೆ ಹೋಲಿಸಬಹುದು. ಅವುಗಳ ವ್ಯತ್ಯಾಸವನ್ನು ಏನು ಮಾಡುವುದು? ರಾಬರ್ಟ್ ಲ್ಯಾಂಗ್ಲಂಡ್ಸರ ಊಹೆ ಇಲ್ಲಿ ಅಸಾಮಾನ್ಯವಾದದ್ದು: ಆ ವ್ಯತ್ಯಾಸ ಇನ್ನೊಂದು ಚಿಕ್ಕ ಗ್ರೂಪಿನ ಮೊತ್ತಕ್ಕೆ ಸಮ. ಯು(3)ರ ವ್ಯತ್ಯಾಸವನ್ನು ಯು(2) ಮತ್ತು ಯು(1)ರ ಜೋಡಿ ಅಳೆಯುತ್ತದೆ. ಇಂಥ ಚಿಕ್ಕ ಗ್ರೂಪ್‌ಗಳಿಗೆ ಎಂಡೊಸ್ಕೊಪಿಕ್ ಗ್ರೂಪ್ ಎಂದು ಹೆಸರು. ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುತ್ತಾರಲ್ಲ, ಆ ಪದವೇ. ದೊಡ್ಡ ಗ್ರೂಪಿನ ಒಳಗಿರುವುದನ್ನು ಈ ಚಿಕ್ಕವು ತೋರಿಸುತ್ತವೆ.

ಈ ಸಮಾನತೆಯನ್ನು ಅತ್ಯಂತ ಸರಳ ಪರೀಕ್ಷಾ ಫಂಕ್ಷನ್ನಿಗೆ ಸಾಧಿಸಬೇಕಾದ ಹೇಳಿಕೆಗೆ ‘ಮೂಲಭೂತ ಲೆಮ್ಮ’ ಎಂದು ಹೆಸರಿಟ್ಟರು. ಲೆಮ್ಮ ಎಂದರೆ ದಾರಿಯಲ್ಲಿ ಸಿಗುವ ಚಿಕ್ಕ ಮೆಟ್ಟಿಲು, ಒಂದು ಮಧ್ಯಾಹ್ನದ ಕೆಲಸ. ಈ ಮೆಟ್ಟಿಲಿನ ಮುಂದೆ ಮೂರು ದಶಕ ಸರಿಸುಮಾರು ಎಲ್ಲರೂ ಕುಳಿತರು. ಯೂನಿಟರಿ ಗ್ರೂಪ್‌ಗಳಿಗೆ ಇದನ್ನು ಸಾಧಿಸಿದವರು ಜೆರಾರ್ ಲೋಮೋನ್ ಮತ್ತು ನ್ಗೋ ಬಾವೊ ಚಾವ್. ಪ್ರಬಂಧ ಪ್ರಕಟವಾದದ್ದು 2008ರಲ್ಲಿ. ಆಮೇಲೆ ನ್ಗೋ ಎಲ್ಲ ಗ್ರೂಪ್‌ಗಳಿಗೂ ಸಾಧಿಸಿದರು. 2009ರ ಹತ್ತು ದೊಡ್ಡ ವೈಜ್ಞಾನಿಕ ಸಾಧನೆಗಳ ಪಟ್ಟಿಯಲ್ಲಿ ‘ಟೈಮ್’ ಪತ್ರಿಕೆ ಈ ಲೆಮ್ಮವನ್ನು ಸೇರಿಸಿತು. ವಾರಪತ್ರಿಕೆಯೊಂದರ ಪಟ್ಟಿಯಲ್ಲಿ ಒಂದು ಲೆಮ್ಮವನ್ನು ನೋಡಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

2010ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಗಣಿತ ಸಮ್ಮೇಳನ ನಮ್ಮ ಪಕ್ಕದ ಹೈದರಾಬಾದಿನಲ್ಲೇ ನಡೆಯಿತು. ಆಗ ನಮ್ಮೂರಿನ ಬೋರ್ಡುಗಳ ಮೇಲೆ ಇನ್ನೂ ಗುಲ್ಬರ್ಗ ಎಂದಿತ್ತು. ನಾನು ರೈಲು ಹತ್ತಿದೆ. ಶಹಾಬಾದ್, ವಾಡಿ, ಚಿತ್ತಾಪುರ ದಾಟಿ ಮಳಖೇಡ ರೋಡ್ ನಿಲ್ದಾಣ ಬಂದಾಗ ಕಿಟಕಿಯಾಚೆ ಸಿಮೆಂಟ್ ಬಣ್ಣದ ಧೂಳು, ಮಳೆಗೆ ಹಸಿರಾದ ತೊಗರಿ ಹೊಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಗಣಿತದ ಸಮ್ಮೇಳನಕ್ಕೆ ಎಂದೆ. ‘ಲೆಕ್ಕದಲ್ಲಿ ಇನ್ನೂ ಸಮ್ಮೇಳನ ಮಾಡುವಂಥದ್ದು ಏನು ಉಳಿದಿದೆ?’ ಎಂದರು. ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ, ಸೇಡಂ ಬಂತು, ಅವರು ಇಳಿದರು. ಆ 19ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ನಾಲ್ವರಲ್ಲಿ ನ್ಗೋ ಒಬ್ಬರು. ನಾನು ಹಿಂದಿನ ಸಾಲಿನಲ್ಲಿದ್ದೆ, ವೇದಿಕೆಗಿಂತ ಪರದೆಯನ್ನೇ ಹೆಚ್ಚು ನೋಡಿದೆ.

ಯು(3)ರ ಕಥೆ ಮಾತ್ರ ಅದಕ್ಕೂ ಹಳೆಯದು. ಸಾಮಾನ್ಯ ಲೆಮ್ಮಕ್ಕೆ ಕಾಯದೆ ಜೊನಾಥನ್ ರೊಗಾವ್‌ಸ್ಕಿ ಮೂರು ಚರಗಳ ಯೂನಿಟರಿ ಗ್ರೂಪನ್ನು ಪೂರ್ತಿ ಬಿಡಿಸಿ 1990ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿನ ಒಂದು ಫಲಿತಾಂಶವನ್ನು ನಿಮಗೆ ಹೇಳಲೇಬೇಕು, ಏಕೆಂದರೆ ಹೋಲಿಕೆಯಿಂದ ಏನು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಯು(2) ಮತ್ತು ಯು(1)ರ ಜೋಡಿಯಿಂದ ಬರುವ ಸ್ವರಗಳನ್ನು ತೆಗೆದುಕೊಳ್ಳಿ. 5ರಂತಹ ಅವಿಭಾಜ್ಯದಲ್ಲಿ ಆಯ್ಕೆಗೆ ಒಂದೇ ತುಂಡು. 3ರಂತಹದರಲ್ಲಿ ಎರಡು ತುಂಡುಗಳಿರಬಹುದು, ಒಂದಕ್ಕೆ + ಗುರುತು, ಇನ್ನೊಂದಕ್ಕೆ − ಗುರುತು. ಎಲ್ಲ ಕಡೆಯಿಂದ ಒಂದೊಂದು ತುಂಡು ಆರಿಸಿ ಪೋಣಿಸಿ. ಅದು ನಿಜವಾದ ಸ್ವರವಾಗುತ್ತದೆಯೇ? ಸರಳವಾದ ಪ್ರಕರಣದಲ್ಲಿ ನಿಯಮ ಇಷ್ಟೇ: ಋಣ ಗುರುತುಗಳ ಸಂಖ್ಯೆ ಸಮವಾಗಿದ್ದರೆ ಆಗುತ್ತದೆ, ಬೆಸವಾಗಿದ್ದರೆ ಇಲ್ಲ. 3ರಲ್ಲಿ ಮಾಡಿದ ಆಯ್ಕೆಗೆ 7ರಲ್ಲೋ 11ರಲ್ಲೋ ಬೆಲೆ ತೆರಬೇಕು. ಒಂದಕ್ಕೊಂದು ಸಂಬಂಧವೇ ಇಲ್ಲ ಎಂದುಕೊಂಡಿದ್ದ ಅವಿಭಾಜ್ಯಗಳು ಒಳಗೊಳಗೇ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ಎರಡು ರಾಶಿಗಳನ್ನು ಜೋಡಿ ಮಾಡಿ, ಮೊತ್ತ ಮತ್ತು ವ್ಯತ್ಯಾಸವನ್ನು ಕೂಡಿಸಿ ಎರಡರಿಂದ ಭಾಗಿಸಿದಾಗ ಈ ನಿಯಮ ಬಂತು. (1 + 1)/2 ಅಥವಾ (1 − 1)/2: ಒಂದು ಸಲ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಈ ಸಂಖ್ಯೆ ಯಾರೂ ಎರಡೂ ಬದಿಯ ಮೊತ್ತಗಳನ್ನು ಪೂರ್ತಿ ಲೆಕ್ಕ ಹಾಕದೆ ಬಂದದ್ದು.

ಮೂರರಿಂದ ಎಲ್ಲ ಎನ್‌ಗಳಿಗೆ ಹೋಗಲು ಮತ್ತೆ ಕಾಲು ಶತಮಾನ ಬೇಕಾಯಿತು. ಆರ್ಥರ್ 2013ರ ಪುಸ್ತಕದಲ್ಲಿ ಆರ್ಥೊಗೊನಲ್ ಮತ್ತು ಸಿಂಪ್ಲೆಕ್ಟಿಕ್ ಗ್ರೂಪ್‌ಗಳ ಪಟ್ಟಿ ಕೊಟ್ಟರು. ಅದೇ ದಾರಿಯಲ್ಲಿ ಚುಂಗ್ ಪಾಂಗ್ ಮೋಕ್ 2015ರಲ್ಲಿ ಯೂನಿಟರಿ ಗ್ರೂಪ್‌ಗಳ ಮುಖ್ಯ ಬಗೆಯನ್ನು ಮುಗಿಸಿದರು, ಉಳಿದ ಬಗೆಗಳನ್ನು ಕಲೆಥಾ, ಮಿಂಗ್ವೆಜ್, ಶಿನ್ ಮತ್ತು ವೈಟ್ ಕೈಗೆತ್ತಿಕೊಂಡರು. ಈಗಿನ ವಿದ್ಯಾರ್ಥಿಗಳು ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮುಂದಿನ ಪ್ರಶ್ನೆ ಕೇಳುತ್ತಾರೆ. ಯು(ಎನ್+1)ರ ಸ್ವರವನ್ನು ಅದರೊಳಗಿನ ಯು(ಎನ್) ಕಿವಿಯಿಂದ ಕೇಳಿದರೆ ಏನು ಕೇಳಿಸುತ್ತದೆ ಎಂಬುದು ಅಂಥದ್ದೊಂದು. ನಮ್ಮ ದೇಶದ ಗಣಿತಜ್ಞ ದೀಪೇಂದ್ರ ಪ್ರಸಾದ್, ಗ್ರಾಸ್ ಮತ್ತು ಗಾನ್ ಜೊತೆ ಸೇರಿ ಇದರ ಮೇಲೆ ಮಂಡಿಸಿದ ಊಹೆಗಳು 2012ರಲ್ಲಿ ಪ್ರಕಟವಾದವು. ಯೂನಿಟರಿ ಗ್ರೂಪ್‌ಗಳ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಸಾಧಿತವಾದದ್ದು, ಮತ್ತೆ, ಇನ್ನೊಂದು ಬಗೆಯ ಟ್ರೇಸ್ ಸೂತ್ರಗಳನ್ನು ಹೋಲಿಸುವುದರಿಂದಲೇ.

ಯೂನಿಟರಿ ಗ್ರೂಪೇ ಏಕೆ ಎಂಬುದಕ್ಕೆ ಇನ್ನೆರಡು ಕಾರಣಗಳು ಬಾಕಿ ಇವೆ. ಒಂದು ಕೈಗೆ ಎಟುಕುವಂಥದ್ದು. 3×3 ಯೂನಿಟರಿ ಮಾತೃಕೆಗಳಲ್ಲಿ ಎಲ್ಲ ಅಂಕಿಗಳೂ ಗೌಸ್ ಪೂರ್ಣಾಂಕಗಳಾಗಿರುವಂಥವು ಎಷ್ಟು? ಪ್ರತಿ ಸಾಲಿನ ಅಂಕಿಗಳ ಮಾನಗಳ ವರ್ಗಗಳ ಮೊತ್ತ 1 ಆಗಬೇಕು, ಆದ್ದರಿಂದ ಸಾಲಿನಲ್ಲಿ ಒಂದೇ ಅಂಕಿ ಸೊನ್ನೆಯಲ್ಲದ್ದು, ಅದೂ 1, −1, ಐ, −ಐ ಇವುಗಳಲ್ಲಿ ಒಂದು. ಜಾಗಗಳಿಗೆ 6 ವಿನ್ಯಾಸ, ಗುರುತುಗಳಿಗೆ 64, ಒಟ್ಟು 384. ಮುಗಿಯಿತು. ಇಂಥ ಧನಾತ್ಮಕ ಯೂನಿಟರಿ ಗ್ರೂಪ್‌ಗಳಲ್ಲಿ ಆಟೊಮಾರ್ಫಿಕ್ ಫಂಕ್ಷನ್‌ಗಳೇ ಕೆಲವು ಸಲ ಬೆರಳೆಣಿಕೆಯ ಬಿಂದುಗಳ ಮೇಲಿನ ಫಂಕ್ಷನ್‌ಗಳಾಗಿಬಿಡುತ್ತವೆ, ಕಂಪ್ಯೂಟರಿಗೆ ಹಾಕಬಹುದು. ಇನ್ನೊಂದು ಕಾರಣ ಆಳದ್ದು. ಎನ್ ಮೂರಕ್ಕಿಂತ ಕಡಿಮೆಯಿಲ್ಲದಾಗ ಜಿಎಲ್(ಎನ್)ಗೆ ಶಿಮುರಾ ವೆರೈಟಿ ಎಂಬ ಜ್ಯಾಮಿತೀಯ ಆಕೃತಿ ಇರುವುದಿಲ್ಲ, ಯೂನಿಟರಿ ಗ್ರೂಪ್‌ಗಳಿಗೆ ಇರುತ್ತದೆ. ಸಮೀಕರಣಗಳ ಮೂಲಗಳನ್ನು ಕಲಸುವ ಗ್ಯಾಲ್ವಾ ಗ್ರೂಪಿನ ಜೊತೆ ಮಾತಾಡಲು ಆ ಆಕೃತಿಗಳೇ ಸೇತುವೆ. 2001ರಲ್ಲಿ ಹ್ಯಾರಿಸ್ ಮತ್ತು ಟೇಲರ್ ಜಿಎಲ್(ಎನ್) ಬಗ್ಗೆಯೇ ಇದ್ದ ಸ್ಥಳೀಯ ಲ್ಯಾಂಗ್ಲಂಡ್ಸ್ ಊಹೆಯನ್ನು ಸಾಧಿಸುವಾಗಲೂ ನದಿ ದಾಟಿದ್ದು ಯೂನಿಟರಿ ಗ್ರೂಪಿನ ಸೇತುವೆಯ ಮೇಲೆ.

ನಿಮ್ಮ ವಿದ್ಯಾರ್ಥಿ ಮುಂದಿನ ರಜೆಗೆ ಬಂದಾಗ ಅವನನ್ನು ಒಂದು ಪ್ರಶ್ನೆ ಕೇಳಿ. ಗೌಸ್ ಪೂರ್ಣಾಂಕಗಳಲ್ಲಿ 5 ಒಡೆಯುತ್ತದೆ, 3 ಒಡೆಯುವುದಿಲ್ಲ; ಆದರೆ 2 ಎಂಬುದು (1 + ಐ)ಯ ವರ್ಗ, −ಐಯಿಂದ ಗುಣಿಸಿದ್ದು. ಅದು ಒಡೆದದ್ದೂ ಅಲ್ಲ, ಒಡೆಯದ್ದೂ ಅಲ್ಲ, ಮಡಚಿಕೊಂಡದ್ದು. ಅಲ್ಲಿ ಕಾಳು ಹೇಗೆ ಜೋಡಿಸುತ್ತೀ ಎಂದು ಕೇಳಿ. ಈ ಸಲ ಅವನು ಅಷ್ಟು ಬೇಗ ನಗಲಿಕ್ಕಿಲ್ಲ, ಚಹಾ ತರಿಸಿ.